ಜೊಳ್ಳೆಂದು ಬಿಟ್ಟುಬಂದ ಡಿಸ್ಕು

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ಮನೆಯ ಕಂಪ್ಯೂಟರು ಓಡುತ್ತಿದೆ. ನಡೆಯುತ್ತಿದೆ ಅಂದಿಲ್ಲ ನೋಡಿ, ಓಡುತ್ತಿದೆ ಅಂದೆ. ಮೊಮ್ಮಗಳು ರೇಣುಕಾ ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪರದೆ ಬೆಳಗಿ, ಏನು ಕೆಲಸ ಹೇಳಿ ಅನ್ನುವಂತೆ ಸಿದ್ಧವಾಗಿ ನಿಂತಿರುತ್ತದೆ. ಕುರುಗೋಡಿನ ನಮ್ಮ ಓಣಿಯಲ್ಲಿ ಈ ಸುದ್ದಿ ಕೇಳದವರು ಉಳಿದಿಲ್ಲ. ಮನೆಮನೆಗೆ ಹೋಗಿ ಹೇಳಿ ಬಂದವಳು ನಾನೇ. ಹಾಲು ಹಾಕುವವನಿಗೂ ಹೇಳಿದೆ. ಅವನು ಒಳ್ಳೆಯದಾಯಿತು ಬಿಡಮ್ಮ ಎಂದು ಹಾಲು ಅಳೆದು ಸೈಕಲ್ಲು ಹತ್ತಿದ. ಅವನಿಗೆ ಅದರ ಬೆಲೆ ತಿಳಿಯಲಿಲ್ಲ. ನಿಮಗಾದರೂ ತಿಳಿಯಲಿ ಎಂದು ಕೂತು ಬರೆಯುತ್ತಿದ್ದೇನೆ. ನನ್ನ ಅಕ್ಷರಗಳು ಕುಂಬಳಕಾಯಿ ಬೀಜದಷ್ಟು ದೊಡ್ಡವು, ಒಂದು ಹಾಳೆಯಲ್ಲಿ ಹೆಚ್ಚು ಹಿಡಿಯುವುದಿಲ್ಲ. ರೇಣುಕಾ ಟೈಪು ಮಾಡುವಾಗ ಅವನ್ನು ಸಣ್ಣ ಮಾಡಿಕೊಳ್ಳುತ್ತಾಳೆ.

ರೇಣುಕಾ ಅಂದರೆ ನನ್ನ ಮಗ ಬಸವರಾಜನ ಒಬ್ಬಳೇ ಮಗಳು. ನಮ್ಮ ಪಡಸಾಲೆಯಲ್ಲಿ ಕೂತು ಲಗ್ನಪತ್ರಿಕೆ, ಅಂಗಡಿಗಳ ಬೋರ್ಡು, ಹುಟ್ಟುಹಬ್ಬದ ಫ್ಲೆಕ್ಸು ಮಾಡುತ್ತಾಳೆ. ಮಾಡುವುದು ಕಂಪ್ಯೂಟರಿನಲ್ಲಿ, ಅಚ್ಚಾಗುವುದು ಬಳ್ಳಾರಿಯಲ್ಲಿ. ಹೊರಗಿನ ಗೋಡೆಗೆ ಅವಳ ಹೆಸರಿನದೇ ಒಂದು ಬೋರ್ಡಿದೆ. ಅದಕ್ಕೆ ಮೊಳೆ ಹೊಡೆಯುವ ದಿನ ಏಣಿ ಹಿಡಿದು ನಿಂತವಳು ನಾನು. ನಮ್ಮ ಮನೆತನದಲ್ಲಿ ಒಬ್ಬರ ಹೆಸರು ಗೋಡೆ ಏರಿದ್ದು ಅದೇ ಮೊದಲು. ನನ್ನ ಹೆಸರು ರೇಷನ್ ಕಾರ್ಡಿನಲ್ಲಿದೆ, ಅಷ್ಟೆ.

ಇನ್ನು ಕಂಪ್ಯೂಟರು. ನೀವು ಅಂಗಡಿಗಳಲ್ಲಿ ನೋಡಿರುವ ಎತ್ತರದ ಡಬ್ಬ ಅಲ್ಲ. ಚಪ್ಪಟೆಯಾದ ರೊಟ್ಟಿ ಡಬ್ಬಿಯಷ್ಟಿದೆ. ಯಾವುದೋ ಕಚೇರಿಯವರು ಹಳೆಯದಾಯಿತೆಂದು ತೆಗೆದದ್ದನ್ನು ರೇಣುಕಾ ಕಾಲೇಜಿಗೆ ಹೋಗುವಾಗ ಬಳ್ಳಾರಿಯಲ್ಲಿ ಹುಡುಕಿ ತಂದಳು. ಬಂದ ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಬರುಬರುತ್ತ ಅದಕ್ಕೆ ಏನೋ ಆಯಿತು. ಬೆಳಿಗ್ಗೆ ಗುಂಡಿ ಒತ್ತಿ ರೇಣುಕಾ ಅಂಗಳಕ್ಕೆ ನೀರು ಹಾಕಲು ಹೋಗುತ್ತಿದ್ದಳು. ನೀರು ಹಾಕಿ ಬಂದರೆ ಪರದೆಯ ಮೇಲೆ ಬಿಳಿ ಚುಕ್ಕೆಗಳು ದುಂಡಗೆ ತಿರುಗುತ್ತಿದ್ದವು. ರಂಗೋಲಿ ಹಾಕಿ ಬಂದರೂ ತಿರುಗುತ್ತಿದ್ದವು. ಚಹಾ ಕಾಸಿ, ಕುಡಿದು, ಲೋಟ ತೊಳೆದು ಬೋರಲು ಹಾಕಿದರೂ ಅವು ತಿರುಗುತ್ತಲೇ ಇದ್ದವು. ಆ ಚುಕ್ಕೆಗಳನ್ನು ನೋಡಿದಾಗೆಲ್ಲ ನನಗೆ ಕಣದಲ್ಲಿ ತುಳಿಯುವ ಎತ್ತುಗಳ ನೆನಪು. ಆದರೆ ಎತ್ತು ತಿರುಗಿದರೆ ಕಾಳಾದರೂ ಉದುರುತ್ತಿತ್ತು.

ಕಾಯುವುದು ನನಗೆ ಹೊಸದಲ್ಲ, ಅದನ್ನೂ ಹೇಳಬೇಕು. ನಾನು ಹುಟ್ಟಿದ್ದು ಸಿರುಗುಪ್ಪದ ಕಡೆಯ ಕರೂರಿನಲ್ಲಿ. ಕಾಲುವೆಗೆ ನೀರು ಬಿಡುವುದನ್ನು ಕಾದೆವು, ಸಸಿ ಬೆಳೆಯುವುದನ್ನು ಕಾದೆವು, ಸಿರುಗುಪ್ಪದ ಬಸ್ಸನ್ನು ಕಾದೆವು. ಬಸ್ಸು ಬಂದರೆ ಅದರಲ್ಲಿ ಜಾಗವಿರುತ್ತಿರಲಿಲ್ಲ, ಮುಂದಿನದನ್ನು ಕಾದೆವು. ಮೂರನೆಯ ತರಗತಿಯಲ್ಲಿ ನಾನು ಶಾಲೆ ಬಿಟ್ಟೆನೋ ಶಾಲೆಯೇ ನನ್ನನ್ನು ಬಿಟ್ಟಿತೋ ತಿಳಿಯದು. ನಾಟಿಯ ಕಾಲ ಬಂದಿತ್ತು, ಗದ್ದೆಗೆ ಕೈಗಳು ಬೇಕಾಗಿದ್ದವು. ನಾಟಿ ಮುಗಿಸಿ ತಿರುಗಿ ಹೋಗೋಣ ಎಂದುಕೊಂಡಿದ್ದೆ. ಒಂದು ನಾಟಿ ಮುಗಿದರೆ ಇನ್ನೊಂದು ಬರುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ಹಾಗಾಗಿ ಕಾಯಬಲ್ಲೆ. ಆದರೆ ರೇಣುಕಾಳ ಕೆಲಸ ಕೊಡುವವರು ಯಾಕೆ ಕಾಯುತ್ತಾರೆ?

ಸಿರುಗುಪ್ಪದಲ್ಲಿ ಸುವರ್ಣಮ್ಮ ಎಂಬವರಿದ್ದಾರೆ. ಮಗಳ ಲಗ್ನಪತ್ರಿಕೆಯನ್ನು ನಮ್ಮ ರೇಣುಕಾಳಿಗೇ ಕೊಟ್ಟಿದ್ದರು. ಒಳ್ಳೆಯ ಹೆಂಗಸು, ಆದರೆ ಅವರಿಗೆ ಬಂಧುಗಳು ಹೆಚ್ಚು, ನೆನಪು ಕಡಿಮೆ. ದಿನಕ್ಕೊಮ್ಮೆ ಫೋನು ಮಾಡಿ, ಸುಖಾಗಮನ ಬಯಸುವವರಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿದೆ ಅನ್ನುತ್ತಿದ್ದರು. ಮಾವಂದಿರು ಮುಗಿದ ಮೇಲೆ ಭಾವಂದಿರು ಬಂದರು. ಒಂದು ಹೆಸರು ಸೇರಿಸಬೇಕೆಂದರೆ ಪತ್ರಿಕೆ ತೆರೆಯಬೇಕು, ಅದು ತೆರೆಯುವಷ್ಟರಲ್ಲಿ ಮಧ್ಯಾಹ್ನ. ಹೆಸರು ಬರೆದು ಉಳಿಸಲು ಹೋದರೆ ಪರದೆ ಮಂಜಾಗಿ ಸುಮ್ಮನೆ ನಿಂತುಬಿಡುವುದು. ಮತ್ತೆ ಮೊದಲಿನಿಂದ. ಊಟಕ್ಕೆ ಬಾ ಎಂದರೆ ರೇಣುಕಾ ಬರುತ್ತಿರಲಿಲ್ಲ. ಎದ್ದು ಬಂದರೆ ಅದು ಇನ್ನೂ ಸೋಮಾರಿಯಾಗುತ್ತದೆ ಎನ್ನುವಂತೆ ಅದರ ಮುಂದೆಯೇ ಕಾವಲು ಕೂರುತ್ತಿದ್ದಳು. ಕೊನೆಗೆ ಸುವರ್ಣಮ್ಮ, ಭಾನುವಾರ ಸಂಜೆಯೊಳಗೆ ಪತ್ರಿಕೆ ಬಂದರೆ ಸರಿ, ಇಲ್ಲದಿದ್ದರೆ ಸಿರುಗುಪ್ಪದಲ್ಲೇ ಬೇರೆಯವರ ಹತ್ತಿರ ಮಾಡಿಸುತ್ತೇನೆ, ಬೇಜಾರಾಗಬೇಡ ಎಂದರು. ಮದುವೆಯ ಮನೆಯವರು, ಅವರಾದರೂ ಏನು ಮಾಡುತ್ತಾರೆ.

ಬಸವರಾಜ ಬಳ್ಳಾರಿಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಜೀನ್ಸ್ ಬಟ್ಟೆಯ ಗಂಟುಗಳನ್ನು ಕತ್ತರಿಸುವವರಿಂದ ಹೊಲಿಯುವವರಿಗೆ, ಹೊಲಿಯುವವರಿಂದ ಒಗೆಯುವವರಿಗೆ ಹೊತ್ತು ಹಾಕುವುದು ಅವನ ಕೆಲಸ. ಅವನಿಗೆ ಊರೆಲ್ಲ ಗುರುತು. ಒಂದು ಗುರುವಾರ ಬಂದವನೇ, ಒಂದು ಫ್ಲೆಕ್ಸ್ ಅಂಗಡಿಯವರ ಹತ್ತಿರ ಮಾತಾಡಿದ್ದೇನೆ, ಸೋಮವಾರದಿಂದ ರೇಣುಕಾ ಅಲ್ಲಿಗೆ ಕೆಲಸಕ್ಕೆ ಹೋಗಲಿ, ಈ ಡಬ್ಬಿಯನ್ನು ಗುಜರಿಗೆ ಹಾಕೋಣ ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮಗಳು ಪರದೆಯ ಮುಂದೆ ಕಣ್ಣು ಒರೆಸಿಕೊಳ್ಳುವುದನ್ನು ಅವನೂ ನೋಡಿದ್ದ.

"ಅಲ್ಲಿ ಮಿಷನ್ನು ಹೊಸಾವು ಅದಾವವ್ವ," ಎಂದ ನನಗೆ. "ಇಲ್ಲಿ ಕುಂತು ಅಳೋದಕ್ಕಿಂತ ಅಲ್ಲಿ ಕುಂತು ದುಡಿಯೋದು ಪಾಡು ಅಲ್ಲೇನು?"

"ಗ್ವಾಡಿ ಮ್ಯಾಲಿನ ಬೋರ್ಡು?" ಎಂದೆ.

"ಬೋರ್ಡು ಎಲ್ಲಿ ಹೋಕ್ಕೈತಿ. ಇರಲಿ ಬಿಡು, ಚಂದ ಕಾಣತೈತಿ."

ಚೆಂದ ಕಾಣಲಿ ಎಂದು ನಾನು ಏಣಿ ಹಿಡಿದಿರಲಿಲ್ಲ. ಆದರೆ ರೇಣುಕಾ ಆಗಲಪ್ಪ ಎಂದುಬಿಟ್ಟಳು. ಆ ಒಂದು ಮಾತು ಅಷ್ಟು ಮೆತ್ತಗೆ ಬಂದದ್ದನ್ನು ನನಗೆ ತಡೆಯಲಾಗಲಿಲ್ಲ. ಅವಳಪ್ಪ ಕೈಕಾಲು ತೊಳೆಯಲು ಹೋದಾಗ ಅವಳ ಹತ್ತಿರ ಕೂತು ಕೇಳಿದೆ, ಇದಕ್ಕೆ ಔಷಧಿಯೇ ಇಲ್ಲವೇನೆ ಎಂದು.

"ಐತಜ್ಜಿ. ಇದು ಸತ್ತಿಲ್ಲ, ಒಳಗಿನ ಡಿಸ್ಕು ಒಂದು ಮುದುಕಾಗೈತಿ. ಅದನ್ನ ತಗದು ಹೊಸಾ ಎಸ್‌ಎಸ್‌ಡಿ ಅಂತ ಬರತೈತಿ, ಅದನ್ನ ಹಾಕಿದ್ರ ಓಡತೈತಿ. ಅಪ್ಪಗ ಹೇಳಿದ್ರ ಹಳೇ ಗಾಡಿಗೆ ಹೊಸಾ ಗಾಲಿ ಯಾಕ ಅಂತಾನ."

ಈ ಮಾತು ನನಗೆ ಸಂಪೂರ್ಣ ಅರ್ಥವಾಯಿತು. ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆದು ಒಳಗೆ ಹೊಸ ಗಾಜು ಕೂರಿಸಿದ್ದಾರೆ. ಈಗ ಸೂಜಿಗೆ ದಾರ ಪೋಣಿಸುತ್ತೇನೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತೇನೆ. ಕಣ್ಣು ಮಂಜಾಯಿತು ಎಂದು ನನ್ನನ್ನು ಯಾರಾದರೂ ಗುಜರಿಗೆ ಹಾಕಿದರೇ? ನನಗೊಂದು ನ್ಯಾಯ, ಆ ಡಬ್ಬಿಗೊಂದು ನ್ಯಾಯವೇ? ಅವತ್ತೇ ನಿಶ್ಚಯ ಮಾಡಿದೆ. ಸೋಮವಾರ ನನ್ನ ಮೊಮ್ಮಗಳು ಬಳ್ಳಾರಿಯ ಬಸ್ಸು ಹತ್ತುವುದಿಲ್ಲ. ಈ ಪಡಸಾಲೆಯಲ್ಲೇ ಕೂರುತ್ತಾಳೆ.

ಶುಕ್ರವಾರ ಬೆಳಿಗ್ಗೆ ಮಗ ಹೊರಟುಹೋದ ಮೇಲೆ, ರೇಣುಕಾ ನೀರಿಗೆ ಹೋಗಿದ್ದಾಗ, ನಾನು ಇಳಕಲ್ ಸೀರೆ ಉಟ್ಟುಕೊಂಡೆ. ಸೊಸೆ ಲಕ್ಷ್ಮಿ ಗಡಿಯಾಚೆಯ ತೆಲುಗರ ಕಡೆಯವಳು. ಎಲ್ಲಿಗೆ ಎಂದು ಕೇಳಲಿಲ್ಲ, ನನ್ನ ಮುಖ ನೋಡಿದರೆ ಅವಳಿಗೆ ಗೊತ್ತಾಗುತ್ತದೆ. "ಜಾಗ್ರತ್ತ ಅತ್ತಿ," ಎಂದು ನೀರಿನ ಬಾಟಲಿ ಕೈಗಿಟ್ಟಳು. ಬಸ್ಸಿನಲ್ಲಿ ಪಕ್ಕಕ್ಕೆ ಕೊಳಗಲ್ಲಿನ ಒಬ್ಬ ಹೆಂಗಸು ಬದನೆಕಾಯಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಂಪ್ಯೂಟರಿನ ಡಿಸ್ಕು ತರಲು ಹೋಗುತ್ತಿದ್ದೇನೆ ಎಂದೆ. ಅವಳು ಬಹಳ ಹೊತ್ತು ಯೋಚಿಸಿ, ತಮ್ಮ ಮನೆಯ ಟ್ರ್ಯಾಕ್ಟರಿಗೂ ಹೀಗೇ ಆಗಿತ್ತು, ಎಣ್ಣೆ ಬದಲಿಸಿದ ಮೇಲೆ ಸರಿಹೋಯಿತು ಎಂದು ಧೈರ್ಯ ಹೇಳಿದಳು.

ಬಳ್ಳಾರಿಯಲ್ಲಿ ಕೇಳಿಕೊಂಡು ಕೇಳಿಕೊಂಡು ಒಂದು ಕಂಪ್ಯೂಟರ್ ಅಂಗಡಿ ಮುಟ್ಟಿದೆ. ಗಲ್ಲಾದ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು, ನಮ್ಮ ಲಕ್ಷ್ಮಿಯ ವಯಸ್ಸು. ಎಂಥ ಮಿಷನ್ನು ಎಂದು ಕೇಳಿದಳು. ಎರಡೂ ಕೈ ಅಗಲಿಸಿ, ಇಷ್ಟಗಲ, ಇಷ್ಟೆತ್ತರ, ರೊಟ್ಟಿ ಡಬ್ಬಿ ಎಂದು ತೋರಿಸಿದೆ. ಅವಳಿಗೆ ತಿಳಿದುಹೋಯಿತು. ಒಳಗಿನಿಂದ ಒಂದು ಸಣ್ಣ ಡಬ್ಬ ತಂದು ಬಿಚ್ಚಿ, ಒಂದು ತೆಳುವಾದ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟಳು.

ಇಟ್ಟದ್ದೇ ಗೊತ್ತಾಗಲಿಲ್ಲ ನನಗೆ. ಅಷ್ಟು ಹಗುರ.

ಇಲ್ಲಿ ಸ್ವಲ್ಪ ನಿಂತು ನಮ್ಮವ್ವನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಬರೀ ಮೊಂಡುತನ ಅನ್ನಿಸುತ್ತದೆ. ಕರೂರಿನಲ್ಲಿ ಬೀಜದ ಭತ್ತವನ್ನು ನಮ್ಮವ್ವ ಹಾಗೇ ಬಿತ್ತುತ್ತಿರಲಿಲ್ಲ. ದೊಡ್ಡ ಹಂಡೆಯಲ್ಲಿ ನೀರು ತುಂಬಿ ಅದರಲ್ಲಿ ಸುರಿಯುತ್ತಿದ್ದಳು. ತೇಲಿದ್ದು ಜೊಳ್ಳು, ಮುಳುಗಿದ್ದು ಕಾಳು. ತೇಲಿದ್ದನ್ನು ಎರಡೂ ಕೈಯಿಂದ ಬಳಿದು ಕೋಳಿಗಳಿಗೆ ಹಾಕುವುದು ನನ್ನ ಕೆಲಸ. ಬಿಸಿಲಿನಲ್ಲಿ ಆ ತಣ್ಣನೆಯ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು ನಿಲ್ಲುವುದು ಎಷ್ಟು ಸುಖವಾಗಿತ್ತೆಂದರೆ, ಜೊಳ್ಳು ಮುಗಿದ ಮೇಲೂ ಇದೆ ಇದೆ ಎಂದು ಸುಳ್ಳು ಹೇಳಿ ನಿಂತಿರುತ್ತಿದ್ದೆ. ಕುಂಬಳಕಾಯಿಯಾದರೂ ಅಷ್ಟೆ, ಹಿತ್ತಾಳೆ ಬಿಂದಿಗೆಯಾದರೂ ಅಷ್ಟೆ, ಕೈಯಲ್ಲಿ ತೂಗಿ ನೋಡಿ ಭಾರವಾದದ್ದನ್ನು ತೆಗೆದುಕೊಳ್ಳಬೇಕು. ಅದರಿಂದ ನಾನು ಜೀವನದಲ್ಲಿ ಮೋಸ ಹೋದದ್ದಿಲ್ಲ. ಪುಣ್ಯಕ್ಕೆ ಆ ಅಂಗಡಿಯಲ್ಲಿ ಬಕೆಟ್ ನೀರು ಇರಲಿಲ್ಲ.

"ಇದರಾಗ ಏನೂ ಇಲ್ಲಬೇ ತಂಗಿ," ಎಂದೆ. "ಜೊಳ್ಳು ಐತಿ. ಗಟ್ಟೀದು ತೋರ್ಸು."

"ಅಮ್ಮ, ನಿಮ್ಮ ಮಿಷನ್ನಿಗೆ ಇದಽ ಬರೋದ್ರಿ."

"ನಾ ಹಳ್ಳ್ಯಾಕಿ ಅಂತ ಬರೀ ಸಿಪ್ಪಿ ಕೊಡಬ್ಯಾಡ. ಅಲ್ಲಿ ಕಪಾಟಿನ್ಯಾಗ ಕರ್ರಗ ಕಾಣತೈತಲ್ಲ, ಅದೇನು?"

ಅದೂ ಡಿಸ್ಕೇ, ಆದರೆ ಹಳೆಯ ತರಹದ್ದು, ದೊಡ್ಡ ಡಬ್ಬಗಳಿಗೆ ಹಾಕುವಂಥದ್ದು ಎಂದಳು. ತಾ ನೋಡೋಣ ಎಂದು ಕೈಯಲ್ಲಿ ಹಿಡಿದೆ. ಒಳ್ಳೆ ಬೆಲ್ಲದ ಅಚ್ಚಿನಂತೆ ಕೈ ತುಂಬ ಕೂತಿತು. ಮನೆಗೆ ಒಮ್ಮೆ ಫೋನು ಮಾಡಿ ಕೇಳಿ ಎಂದು ಅವಳು ಬಹಳ ಹೇಳಿದಳು. ಮೊಮ್ಮಗಳಿಗೆ ತಿಳಿಯದ ಹಾಗೆ ತಂದು ಮುಂದೆ ಇಡಬೇಕು ಎಂದು ನನ್ನ ಆಸೆ. ಬೇಡವೆಂದರೆ ನಾಳೆ ವಾಪಸು ತನ್ನಿ ಎಂದು ಹೇಳಿ ಕೊಟ್ಟಳು. ನಾನು ಗೆದ್ದೆ ಎಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಕೂಸಿನಂತೆ ಹಿಡಿದುಕೊಂಡಿದ್ದೆ.

ಮನೆಯಲ್ಲಿ ಏನಾಯಿತೆಂದು ನಿಮಗೆ ಈಗಾಗಲೇ ಗೊತ್ತಾಗಿದೆ. ರೇಣುಕಾ ಕಾಗದ ಬಿಚ್ಚಿದಾಗ ಅವಳ ಮುಖ ಮೊದಲು ಅರಳಿ ಆಮೇಲೆ ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತಿತು. ನನ್ನ ಮನಸ್ಸು ನೋಯದಿರಲಿ ಎಂದು, ಅಜ್ಜಿ ಇದು ಬಹಳ ಒಳ್ಳೆಯದು ಎಂದಳು. ಆಮೇಲೆ ಅದನ್ನು ಡಬ್ಬಿಯ ಮೇಲೆ ಇಟ್ಟು ತೋರಿಸಿದಳು. ಕೂಸಿನ ತೊಟ್ಟಿಲಲ್ಲಿ ಎಮ್ಮೆಯನ್ನು ಮಲಗಿಸಿದ ಹಾಗಿತ್ತು. ಆ ಹೊತ್ತಿಗೇ ಬಸವರಾಜ ಬಂದ. ಅವನು ಎಷ್ಟು ನಕ್ಕನೆಂದರೆ ಗೋಡೆಗೆ ಒರಗಿ ನಿಲ್ಲಬೇಕಾಯಿತು.

"ನಮ್ಮವ್ವ ತೂಕಾ ಹಾಕಿಸಿಕೊಂಡು ಬಂದಾಳ ನೋಡು. ಇನ್ನ ಎರಡು ತಂದ್ರ ಒಲಿ ಹೂಡಬೌದು."

"ನಗು ಮಗನ, ನಗು," ಎಂದೆ. "ನಾಳಿ ಮತ್ತ ಹೋಗತೀನಿ."

ಶನಿವಾರ ರೇಣುಕಾಳನ್ನು ಕರೆದುಕೊಂಡು ಹೋದೆ. ಅಂಗಡಿಯ ಹೆಣ್ಣುಮಗಳು ನನ್ನನ್ನು ನೋಡಿ ನಗಲಿಲ್ಲ, ಅದಕ್ಕೆ ಅವಳ ಮೇಲೆ ನನಗೆ ಇವತ್ತಿಗೂ ಪ್ರೀತಿ. ನಾನು ಮಾತ್ರ ಪಟ್ಟು ಬಿಡಲಿಲ್ಲ. ಹಗುರಾದದ್ದು ಯಾಕೆ ಒಳ್ಳೆಯದು, ಅದನ್ನು ನನಗೆ ತಿಳಿಯುವ ಹಾಗೆ ಹೇಳಿದರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವಳು ನಾನು ತಂದ ಭಾರದ ಡಿಸ್ಕಿಗೆ ವೈರು ಸಿಕ್ಕಿಸಿ, ಮೆಲ್ಲಗೆ ನನ್ನ ಕಿವಿಯ ಹತ್ತಿರ ಹಿಡಿದಳು. ಒಳಗೆ ಗುರ್ ಎಂದು ಏನೋ ತಿರುಗುತ್ತಿತ್ತು, ನಡುವೆ ಟಿಕ್ ಟಿಕ್ ಎಂದು ಏನೋ ಹುಡುಕುತ್ತಿತ್ತು. ಇದರೊಳಗೆ ತಟ್ಟೆ ಇದೆ, ಅದು ತಿರುಗುತ್ತದೆ, ಒಂದು ಮುಳ್ಳು ಅದರ ಮೇಲೆ ಓಡಾಡಿ ನಮಗೆ ಬೇಕಾದದ್ದನ್ನು ಹುಡುಕಿ ತರುತ್ತದೆ, ಹಳೆಯದಾದಂತೆ ತಡವಾಗುತ್ತದೆ ಎಂದಳು. ಆಮೇಲೆ ಹಗುರಾದದ್ದಕ್ಕೆ ವೈರು ಸಿಕ್ಕಿಸಿ ಹಿಡಿದಳು. ಸದ್ದೇ ಇಲ್ಲ.

"ಇದರಾಗ ತಿರುಗೋದು ಏನೂ ಇಲ್ರಿ ಅಮ್ಮ. ಹುಡುಕೋದೂ ಇಲ್ಲ. ಎಲ್ಲಾ ಕೈಗೆ ಸಿಗೋಹಂಗ ಇಟ್ಟಿರತೈತಿ."

ಆಗ ನನಗೆ ಹಗೇವು ನೆನಪಾಯಿತು. ನೀವು ನೋಡಿರಲಿಕ್ಕಿಲ್ಲ. ಹಿಂದೆ ಜೋಳವನ್ನು ನೆಲದೊಳಗೆ ಬಾವಿಯಂಥ ಗುಂಡಿ ತೋಡಿ ತುಂಬಿಡುತ್ತಿದ್ದರು, ಅದಕ್ಕೆ ಹಗೇವು ಅನ್ನುತ್ತಿದ್ದೆವು. ನಮ್ಮ ತಾತನ ಮನೆಯಲ್ಲಿ ಒಂದಿತ್ತು. ಜೋಳ ಬೇಕೆಂದರೆ ಮೊದಲು ಬಾಯಿಯ ಮೇಲಿನ ಮಣ್ಣು ತೆಗೆಯಬೇಕು, ಕಲ್ಲು ಸರಿಸಬೇಕು, ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಕಾಯಬೇಕು, ದೀಪ ಇಳಿಬಿಟ್ಟು ನೋಡಬೇಕು, ಆಮೇಲೆ ಒಬ್ಬ ಗಂಡಸು ಒಳಗೆ ಇಳಿಯಬೇಕು. ಮೇಲಿನಿಂದ ಬುಟ್ಟಿ ಬಿಡಬೇಕು. ಬೇಕಾದದ್ದು ಒಂದು ರೊಟ್ಟಿಯ ಹಿಟ್ಟು, ಸೇರುತ್ತಿದ್ದದ್ದು ಅರ್ಧ ಓಣಿ. ಒಳಗೆ ಇಳಿದ ನಮ್ಮ ಚಿಕ್ಕಪ್ಪ ಅಲ್ಲಿಂದಲೇ ಹಾಡು ಹೇಳುತ್ತಿದ್ದ, ಬೇಗ ತುಂಬೋ ಎಂದರೆ ಇಲ್ಲಿ ತಂಪಾಗಿದೆ ಅನ್ನುತ್ತಿದ್ದ. ಈಗ ಲಕ್ಷ್ಮಿಯ ಮಸಾಲೆ ಡಬ್ಬಿ ನೋಡಿ. ಮುಚ್ಚಳ ತೆಗೆದರೆ ಸಾಸಿವೆ, ಜೀರಿಗೆ, ಅರಿಸಿನ ಎಲ್ಲ ಒಂದೇ ಕಣ್ಣಳತೆಯಲ್ಲಿ. ಯಾರೂ ಇಳಿಯಬೇಕಾಗಿಲ್ಲ, ಯಾರೂ ಹಾಡಬೇಕಾಗಿಲ್ಲ. ನಮ್ಮ ಡಬ್ಬಿಯೊಳಗೆ ಇಷ್ಟು ದಿನ ಚಿಕ್ಕಪ್ಪ ಕೂತಿದ್ದ. ತಿಳಿಯಿತು, ಕೊಡು ತಂಗಿ ಎಂದೆ. ಹಳೆಯದರಲ್ಲಿರುವುದನ್ನೆಲ್ಲ ಹೊಸದಕ್ಕೆ ನಕಲು ಮಾಡಿಕೊಳ್ಳಲು ಒಂದು ವೈರನ್ನೂ ಕೊಟ್ಟು, ಹಳೆಯದಕ್ಕೆ ವಯಸ್ಸಾಗಿದೆ, ನಡುವೆ ನಿಲ್ಲಿಸಬೇಡಿ, ಒಂದೇ ಉಸಿರಿಗೆ ಮುಗಿಸಿ ಎಂದು ರೇಣುಕಾಳಿಗೆ ಎಚ್ಚರಿಕೆ ಹೇಳಿದಳು.

ಮನೆಗೆ ಬಂದು ಹೊಸ ಡಿಸ್ಕನ್ನು ದೇವರ ಜಗಲಿಯ ಮೇಲಿಟ್ಟೆ. ಹೊಸದು ಏನು ಬಂದರೂ ನಮ್ಮಲ್ಲಿ ಮೊದಲು ಅಲ್ಲಿಗೆ. ವಿಭೂತಿ ಹಚ್ಚೋಣ ಎಂದು ನೆನೆಸುತ್ತಿದ್ದೆ, ರೇಣುಕಾ ಓಡಿ ಬಂದು ಎತ್ತಿಕೊಂಡಳು. ಅದು ಯಾಕೆಂದು ಭಾನುವಾರ ಬೆಳಿಗ್ಗೆ ತಿಳಿಯಿತು. ಹೊಲಿಗೆ ಯಂತ್ರದ ತಿರುಪುಳಿಯಿಂದ ಅವಳು ಡಬ್ಬಿಯ ಮುಚ್ಚಳ ಬಿಚ್ಚಿದಳು. ಒಳಗೆ ನೋಡಿದರೆ ಅದು ಕಂಪ್ಯೂಟರಲ್ಲ, ಗುಡಿಯ ಮೂಲೆ. ಫ್ಯಾನಿನ ರೆಕ್ಕೆಗೆ ಕುಂಕುಮ, ಸಂದಿಗಳಲ್ಲಿ ಅಕ್ಷತೆ, ಚೆಂಡು ಹೂವಿನ ಒಣಗಿದ ಎಸಳು. ಪ್ರತಿ ಮಹಾನವಮಿಗೆ ಆಯುಧಪೂಜೆಯಲ್ಲಿ ಆ ಡಬ್ಬಿಗೆ ಆಟೋಗಿಂತ ಹೆಚ್ಚು ಪೂಜೆ ಮಾಡುತ್ತಿದ್ದೆ. ಮೇಲೆ ಜಾಲರಿ ಇತ್ತಲ್ಲ, ಅದು ಪ್ರಸಾದ ಒಳಗೆ ಹೋಗಲಿ ಎಂದೇ ಬಿಟ್ಟದ್ದು ಎಂದು ನಾನು ತಿಳಿದಿದ್ದೆ. ಬಸವರಾಜ ಬಗ್ಗಿ ನೋಡಿ, ರೋಗ ಸಿಕ್ಕಿತು ಬಿಡು ಎಂದ. ರೇಣುಕಾ ಮಾತ್ರ ಪೇಂಟಿಂಗ್ ಬ್ರಷ್ಷಿನಿಂದ ಎಲ್ಲ ಗುಡಿಸುತ್ತ, ಅಕ್ಷತೆಯಿಂದ ಡಿಸ್ಕು ಹಳೆಯದಾಗುವುದಿಲ್ಲಪ್ಪ, ಫ್ಯಾನು ಒದ್ದಾಡುತ್ತದೆ ಅಷ್ಟೆ ಎಂದಳು. ಬಿದ್ದ ಅಕ್ಷತೆಯನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡೆ. ಚೆಲ್ಲುವುದು ಹೇಗೆ?

ಆಮೇಲೆ ವೈರು ಸಿಕ್ಕಿಸಿ ನಕಲು ಶುರು ಮಾಡಿದಳು. ಪರದೆಯ ಮೇಲೆ ಒಂದು ಉದ್ದನೆಯ ಖಾಲಿ ಪಟ್ಟಿ, ಅದರೊಳಗೆ ಹಸಿರು ಗೆರೆ ಎಡದಿಂದ ಬಲಕ್ಕೆ ಸರಿಯುತ್ತದೆ. ಅದು ತುದಿ ಮುಟ್ಟಿದರೆ ಮುಗಿಯಿತು. ಸುವರ್ಣಮ್ಮನ ಪತ್ರಿಕೆ, ಇಷ್ಟು ವರ್ಷ ಮಾಡಿದ ಬೋರ್ಡುಗಳು, ಒಂದೊಂದೇ ಕೂಡಿಸಿಟ್ಟ ಚೆಂದದ ಅಕ್ಷರಗಳು, ಎಲ್ಲ ಆ ಹಳೆಯದರಲ್ಲೇ ಇದ್ದವು. ನಡುವೆ ಕೈಕೊಟ್ಟರೆ ಸಂಜೆಗೆ ಪತ್ರಿಕೆ ಇಲ್ಲ. ಪತ್ರಿಕೆ ಇಲ್ಲದಿದ್ದರೆ ಬೆಳಗಾದರೆ ಸೋಮವಾರ. ನಾನು ಒಂದು ಮಣೆ ತಂದು ಸ್ವಿಚ್ ಬೋರ್ಡಿನ ಕೆಳಗೆ ಗೋಡೆಗೆ ಒರಗಿ ಕೂತೆ.

ಅಲ್ಲೇ ಯಾಕೆ ಎಂದರೆ ನನ್ನ ಮಗನ ಕೈ ಸುಮ್ಮನಿರುವುದಿಲ್ಲ. ಸ್ವಿಚ್ಚು ಕಂಡರೆ ಆರಿಸುತ್ತಾನೆ. ಚಿಕ್ಕಂದಿನಿಂದ ಅವನಿಗೆ ನಾನೇ ಕಲಿಸಿದ್ದು, ಸುಮ್ಮಸುಮ್ಮನೆ ಉರಿಯಬಾರದು ಎಂದು. ಅವನು ಕಲಿತದ್ದನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾನೆಂದರೆ, ಹೆಂಡತಿ ಮಿಕ್ಸಿಯಲ್ಲಿ ಚಟ್ನಿ ತಿರುವುತ್ತಿದ್ದರೂ ದಾಟಿ ಹೋಗುವಾಗ ಆರಿಸಿ ಹೋಗುತ್ತಾನೆ.

ಗೆರೆ ಅರ್ಧ ದಾಟಿ ನಿಂತುಬಿಟ್ಟಿತು. ಹಳೆಯ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ರೇಣುಕಾ ಉಗುರು ಕಚ್ಚಿಕೊಂಡು, ನಿಲ್ಲಿಸಿ ಮೊದಲಿನಿಂದ ಮಾಡಲೇನಜ್ಜಿ ಎಂದಳು. ನನಗೆ ಅದರ ಲೆಕ್ಕ ತಿಳಿಯದು, ನಾಟಿಯ ಲೆಕ್ಕ ತಿಳಿದಿದೆ. ಮಡಿಯಿಂದ ಸಸಿ ಕಿತ್ತ ಮೇಲೆ ನಡುವೆ ಬಿಡುವ ಹಾಗಿಲ್ಲ. ಸೊಂಟ ಮುರಿದರೂ ಸರಿ, ಹೊತ್ತು ಮುಳುಗುವುದರೊಳಗೆ ಎಲ್ಲ ಕಟ್ಟುಗಳೂ ಗದ್ದೆಯಲ್ಲಿ ನಿಲ್ಲಬೇಕು.

"ಕಿತ್ತೀವಿ. ಇನ್ನ ನೆಡಬೇಕು," ಎಂದೆ. "ಅದು ಹುಡುಕಾಕತ್ತೈತಿ. ಹುಡುಕಲಿ ಬಿಡು."

ಆ ಹೊತ್ತಿಗೇ ಬಸವರಾಜ ಹೊರಗಿನಿಂದ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ, ಅವನ ಕೈ ತನ್ನಷ್ಟಕ್ಕೆ ತಾನೇ ನನ್ನ ತಲೆಯ ಮೇಲಿನ ಬೋರ್ಡಿಗೆ ಹೋಯಿತು. ನಾನು ಏಳುತ್ತಲೇ ಅವನ ಮಣಿಕಟ್ಟು ಹಿಡಿದೆ. ನಾಟಿ ಮಾಡಿದ ಕೈ, ಇನ್ನೂ ಹಿಡಿತವಿದೆ. ಅವನು ಬೆಚ್ಚಿ ಫೋನು ಕಿವಿಯಿಂದ ತೆಗೆದ.

"ಬಸ್ಯಾ, ಇವತ್ತು ಹೊತ್ತು ಮುಣುಗೋತನಕ ಇದರ ತಂಟಿಗೆ ಬರಬ್ಯಾಡ. ಆರಿಸೋದಾದ್ರ ಮದ್ಲು ನನ್ನ ದಾಟು."

"ನಾ ಏನ್ ಬೇಕಂತ ಮಾಡಿದ್ನೇನವ್ವ. ಕೈ ಹೋತು."

"ಕೈ ಹೋತು ಅಂತೀಯಲ್ಲ, ಆ ಹುಡುಗಿ ಜೀವಾ ಐತಿ ಅದರಾಗ. ಬೋರ್ಡು ಚಂದ ಕಾಣಲಿ ಅಂತ ಹಾಕಿದ್ದೇನಲೇ ಆಕಿ?"

ಅವನು ಫೋನು ಜೇಬಿಗಿಟ್ಟ. ಮಗಳ ಮುಖ ನೋಡಿದ, ನಿಂತುಹೋದ ಗೆರೆ ನೋಡಿದ. ಆಮೇಲೆ ಒಳಗೆ ಹೋಗದೆ ಅಲ್ಲೇ ನೆಲದ ಮೇಲೆ, ನನ್ನ ಮಗ್ಗುಲಲ್ಲಿ ಕೂತ. ಲಕ್ಷ್ಮಿಯೂ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಇಡೀ ಮನೆ ಒಂದು ಹಸಿರು ಗೆರೆಯನ್ನು ನೋಡುತ್ತ ಕೂತದ್ದನ್ನು ಯಾರಾದರೂ ಹೊರಗಿನವರು ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಊರ ಗುಡ್ಡದ ಬಂಡೆಗಳ ಕಾವು ಕಿಟಕಿಯಿಂದ ಒಳಗೆ ಬರುತ್ತಿತ್ತು. ಬಸವರಾಜ ಒಂದು ರಟ್ಟು ತೆಗೆದುಕೊಂಡು, ಅದಕ್ಕೆ ಸೆಕೆಯಾದರೆ ಕಷ್ಟ ಎಂದು ಹಳೆಯ ಡಿಸ್ಕಿಗೆ ಗಾಳಿ ಬೀಸತೊಡಗಿದ. ಯಾರೂ ಬೀಸು ಎಂದು ಹೇಳಿರಲಿಲ್ಲ.

ಬೀಸಿದ್ದಕ್ಕೋ, ಅದಕ್ಕೇ ಮನಸ್ಸು ಬಂತೋ, ಗೆರೆ ಒಮ್ಮೆ ನಡುಗಿ ಮುಂದೆ ಸರಿಯಿತು. ಮತ್ತೆ ನಿಂತಿತು. ಮತ್ತೆ ಸರಿಯಿತು. ಬಿಸಿಲು ಹಿತ್ತಲಿಗೆ ಇಳಿದಾಗ ತುದಿ ಮುಟ್ಟಿತು.

ರೇಣುಕಾ ಹಳೆಯದನ್ನು ತೆಗೆದು ಹೊಸದನ್ನು ಅದೇ ಜಾಗಕ್ಕೆ ಕೂರಿಸಿದಳು. ಎರಡು ತಿರುಪು ಬಿಗಿದಳು. ಗುಂಡಿ ನೀನೇ ಒತ್ತಜ್ಜಿ ಎಂದಳು. ನಾನು ಕೈ ತೊಳೆದು ಬಂದು ಒತ್ತಿದೆ. ಒತ್ತಿ, ಇನ್ನು ಚಹಾಕ್ಕೆ ಇಡೋಣ ಎಂದು ಒಳಗೆ ತಿರುಗಿದ್ದೆ, ಹಿಂದಿನಿಂದ ರೇಣುಕಾ ನನ್ನ ಸೊಂಟ ಬಳಸಿ ಎತ್ತಿಬಿಟ್ಟಳು. ತಿರುಗಿ ನೋಡಿದರೆ ಪರದೆ ತುಂಬ ಬೆಳಕು, ಅವಳ ಕೆಲಸಗಳೆಲ್ಲ ಸಾಲಾಗಿ, ಇಟ್ಟದ್ದು ಇಟ್ಟಲ್ಲೇ. ನಾನು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. ಲಕ್ಷ್ಮಿ ತೆಲುಗಿನಲ್ಲಿ ದೇವರನ್ನು ಕರೆದಳು.

ಅಷ್ಟರಲ್ಲಿ ಸುವರ್ಣಮ್ಮನ ಫೋನು ಬಂತು. ಬೇಸರ ಮಾಡಿಕೊಳ್ಳಬೇಡ, ಹುಬ್ಬಳ್ಳಿಯಲ್ಲಿರುವ ಒಬ್ಬ ಷಡ್ಡಕರು ಬಿಟ್ಟುಹೋಗಿದ್ದಾರೆ ಎಂದು ಹಿಂಜರಿಯುತ್ತ ಹೇಳುತ್ತಿದ್ದರು. ರೇಣುಕಾ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಪತ್ರಿಕೆ ತೆರೆದಳು. ಸುವರ್ಣಮ್ಮ ಆ ಷಡ್ಡಕರ ಗುಣಗಾನ ಮುಗಿಸುವ ಮೊದಲೇ ಅವರು ಪತ್ರಿಕೆಯಲ್ಲಿ ಭಾವಂದಿರ ಪಕ್ಕದಲ್ಲಿ ಕೂತಿದ್ದರು. ಕಳಿಸಿದೀನಿ ನೋಡ್ರಿ ಎಂದಳು. ಸ್ವಲ್ಪ ಹೊತ್ತಿಗೆ ತಿರುಗಿ ಫೋನು ಬಂತು. ಚೆನ್ನಾಗಿದೆ, ಅಚ್ಚಿಗೆ ಕೊಟ್ಟುಬಿಡು, ನಮ್ಮ ತಂಗಿಯ ಮನೆಯ ತೊಟ್ಟಿಲು ಶಾಸ್ತ್ರದ್ದೂ ನಿನಗೇ ಎಂದರು. ಬಸವರಾಜ ಎದ್ದು ಅಂಗಳಕ್ಕೆ ಹೋದ. ಫೋನಿನಲ್ಲಿ ಅವನು ಯಾರಿಗೋ, ಇಲ್ರಿ, ನಾಳಿ ನಮ್ಮ ಹುಡುಗಿ ಬರಂಗಿಲ್ಲ, ಆಕಿಗೆ ಮನ್ಯಾಗಽ ಕೆಲಸ ಐತ್ರಿ ಎನ್ನುವುದು ಕಿಟಕಿಯಿಂದ ಕೇಳಿಸಿತು. ನಾನು ಕೇಳಿಸದವಳಂತೆ ಮಣೆ ಎತ್ತಿಟ್ಟೆ.

ಸಂಜೆ ಲಕ್ಷ್ಮಿ ಗೋಧಿ ಹುಗ್ಗಿ ಮಾಡಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಸಿರುಗುಪ್ಪದ ಅಕ್ಕಿಯ ಅನ್ನ. ಎಲ್ಲರೂ ಪಡಸಾಲೆಯಲ್ಲೇ ದುಂಡಗೆ ಕೂತೆವು. ಕರೆಯುವ ಮೊದಲೇ ರೇಣುಕಾ ಬಂದು ತಟ್ಟೆ ಹಾಕಿದಳು. ಎಷ್ಟೋ ತಿಂಗಳ ಮೇಲೆ ನಾಲ್ಕೂ ತಟ್ಟೆ ಒಟ್ಟಿಗೆ ನೆಲ ಮುಟ್ಟಿದ್ದವು. ಅವಳು ಮೂರನೆಯ ರೊಟ್ಟಿ ಕೇಳಿದಾಗ ಲಕ್ಷ್ಮಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ.

ಬಸವರಾಜ ಹುಗ್ಗಿಗೆ ತುಪ್ಪ ಹಾಕಿಸಿಕೊಂಡು, ಒಮ್ಮೆ ಕೆಮ್ಮಿ, ತನ್ನ ಆಟೋದ ಹಿಂದೆ ಬರೆಸಿದ್ದು ಅಳಿಸಿಹೋಗಿದೆ, ಒಂದು ಚೆಂದದ ಸ್ಟಿಕ್ಕರು ಮಾಡಿಕೊಡುತ್ತೀಯೇನು ಎಂದು ಮಗಳನ್ನು ಕೇಳಿದ.

ರೇಣುಕಾ ಬಾಯಲ್ಲಿದ್ದ ತುತ್ತು ನಿಧಾನವಾಗಿ ನುಂಗಿದಳು.

"ಈ ವಾರ ಕೆಲಸ ಭಾಳ ಅದಾವ್ರಿ. ಏನು ಬರೀಬೇಕು ಹೇಳಿ ಹೋಗ್ರಿ, ಸರದಿ ಬಂದಾಗ ಫೋನ್ ಮಾಡತೀನಿ."

"ಆತ್ರಿ ಮೇಡಂ," ಎಂದ ಬಸವರಾಜ, ತಲೆ ಬಗ್ಗಿಸಿ.

ಲಕ್ಷ್ಮಿ ನಗುತ್ತಲೇ ಅವನ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದಳು. ಸಾಕು ಸಾಕು ಎನ್ನುತ್ತ ಅವನು ಅದನ್ನೂ ಉಂಡ. ನಾವೆಲ್ಲ ಉಂಡೆವು.